ಬಾಪ ಹಾರಿದ ಮೈಲುಗಳೆಲ್ಲ ಎಲ್ಲಿ ಹೋದವು?

ನಮ್ಮ ಊರುಗಳ ಹೆಚ್ಚಿನ ಮನೆಗಳ ಕಪಾಟಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಹಳೆಯ ಪಾಸ್‌ಪೋರ್ಟ್‌ಗಳ ಕಟ್ಟೊಂದು ಇರುತ್ತದೆ. ಮೂಲೆ ಕತ್ತರಿಸಿದ್ದು, ರದ್ದಾದ ಮೊಹರು ಬಿದ್ದದ್ದು. ಪುಟ ತಿರುಗಿಸಿದರೆ ದುಬೈ, ದಮ್ಮಾಮ್, ಜಿದ್ದಾ, ಮಸ್ಕತ್, ಕುವೈತ್. ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದ ಮನುಷ್ಯ ವರ್ಷಕ್ಕೊಮ್ಮೆ ರಜೆಗೆ ಬಂದು ಹೋದರೂ ನಲ್ವತ್ತು ಹಾರಾಟ ಆಯಿತು. ಈ ನಲ್ವತ್ತು ಹಾರಾಟಗಳಿಗೆ ಸಿಗಬೇಕಾದ ಮೈಲ್ಸ್ ಹೆಚ್ಚಿನವರ ಖಾತೆಗೆ ಬಿದ್ದೇ ಇಲ್ಲ, ಯಾಕೆಂದರೆ ಖಾತೆಯೇ ಇಲ್ಲ. ಕೇಳಿದರೆ, “ಅದೆಲ್ಲ ದೊಡ್ಡ ಸಾಹುಕಾರರಿಗೆ, ನಮಗೆಂತ ಮಾರಾಯ್ರೆ” ಎನ್ನುತ್ತಾರೆ.

ಹಾಗೇನಿಲ್ಲ. ಸದಸ್ಯರಾಗಲು ಒಂದು ಪೈಸೆ ಕೊಡಬೇಕಾಗಿಲ್ಲ. ಇಮೇಲ್ ಮತ್ತು ಫೋನ್ ನಂಬರ್ ಇದ್ದರೆ ಹತ್ತು ನಿಮಿಷದ ಕೆಲಸ. ಎಮಿರೇಟ್ಸ್‌ನವರ ‘ಸ್ಕೈವಾರ್ಡ್ಸ್’ 2000ರಿಂದ ಉಂಟು. ಎತಿಹಾದ್‌ನವರದ್ದು ‘ಎತಿಹಾದ್ ಗೆಸ್ಟ್’, ಸೌದಿಯಾದ್ದು ‘ಅಲ್ ಫುರ್ಸಾನ್’, ಕತಾರ್ ಏರ್‌ವೇಸ್‌ನದ್ದು ‘ಪ್ರಿವಿಲೇಜ್ ಕ್ಲಬ್’. ಏರ್ ಇಂಡಿಯಾದ ಹಳೆಯ ‘ಫ್ಲೈಯಿಂಗ್ ರಿಟರ್ನ್ಸ್’ ಈಗ ‘ಮಹಾರಾಜ ಕ್ಲಬ್’ ಆಗಿದೆ. ಇಂಡಿಗೋದವರೂ ‘ಬ್ಲೂಚಿಪ್’ ಅಂತ ಒಂದನ್ನು ತಂದಿದ್ದಾರೆ. ತಿಂಗಳ ಸಾಮಾನು ಒಂದೇ ಅಂಗಡಿಯಿಂದ ಕೊಂಡುಹೋಗುವವರ ಚೀಲಕ್ಕೆ ಅಂಗಡಿಯವರು ಒಂದು ಸೋಪು ಹೆಚ್ಚಿಗೆ ಹಾಕುತ್ತಾರಲ್ಲ, ಅದೇ ಸಂಗತಿ. ಗಿರಾಕಿ ಪಕ್ಕದ ಅಂಗಡಿಗೆ ಹೋಗದಿರಲಿ ಅಂತ. ಆ ಸೋಪಿನ ಬೆಲೆ ಬಿಲ್ಲಿನೊಳಗೇ ಇರುತ್ತದೆ ಎಂಬುದೂ ನಿಜ. ನೀವು ಎತ್ತಿಕೊಳ್ಳದಿದ್ದರೆ ಅದು ಅಂಗಡಿಯಲ್ಲೇ ಉಳಿಯಿತು, ಅಷ್ಟೆ.

ಮೊಬೈಲ್‌ನಲ್ಲಿ ಇದರ ಬಗ್ಗೆ ಬರುವ ವೀಡಿಯೊಗಳನ್ನು ನೋಡಿದರೆ ಎಲ್ಲರೂ ಬಿಸಿನೆಸ್ ಕ್ಲಾಸ್‌ನಲ್ಲಿ ಕಾಲು ಚಾಚಿ ಮಲಗಿದವರೇ. ನಮ್ಮ ಮನೆಗಳ ಲೆಕ್ಕ ಬೇರೆ. ನನ್ನ ಅಭಿಪ್ರಾಯದಲ್ಲಿ ನಮ್ಮವರಿಗೆ ಈ ಮೈಲ್ಸ್ ಮತ್ತು ಪಾಯಿಂಟ್‌ಗಳಿಂದ ನಿಜವಾದ ಉಪಕಾರ ಆಗುವುದು ಎರಡೇ ಕಡೆ. ಒಂದು, ಟಿಕೆಟ್ ದರ ಆಕಾಶಕ್ಕೇರಿದಾಗ ಮನೆಯವರನ್ನು ಊರಿಗೆ ಕಳಿಸಲು. ಇನ್ನೊಂದು, ಉಮ್ಮ-ಬಾಪನನ್ನು ಉಮ್ರಾಕ್ಕೆ ಕರೆದೊಯ್ದಾಗ ಹರಮ್‌ನ ಹತ್ತಿರ ನಾಲ್ಕು ರಾತ್ರಿ ಇರಿಸಲು.

ಒಂದು ಮೈಲಿಗೆ ಎಷ್ಟು ಪೈಸೆ?

ಇದಿಷ್ಟು ಗೊತ್ತಾದರೆ ಉಳಿದದ್ದು ಸುಲಭ. ನಿಮಗೆ ಬೇಕಾದ ಟಿಕೆಟಿನ ನಗದು ಬೆಲೆ ನೋಡಿ. ಮೈಲ್ಸ್ ಕೊಟ್ಟು ತೆಗೆದರೂ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ, ಕಂಪೆನಿಯವರು ಸೇರಿಸುವ ಸರ್‌ಚಾರ್ಜ್ ಎಲ್ಲ ಕೈಯಿಂದ ಕಟ್ಟಬೇಕು. ‘ಫ್ರೀ ಟಿಕೆಟ್’ ಅಂತ ಹೇಳುವವರು ಈ ಭಾಗವನ್ನು ಹೇಳುವುದಿಲ್ಲ. ನಗದು ಬೆಲೆಯಿಂದ ಆ ಶುಲ್ಕ ಕಳೆಯಿರಿ. ಉಳಿದದ್ದನ್ನು ಅವರು ಕೇಳುವ ಮೈಲುಗಳಿಂದ ಭಾಗಿಸಿ.

ಲೆಕ್ಕಕ್ಕೆ ಒಂದು ಅಂಕಿ ಹಿಡಿಯೋಣ. ಹೋಗಿ ಬರುವ ಟಿಕೆಟಿಗೆ ಸಾಧಾರಣ ದಿನಗಳಲ್ಲಿ 22,000 ರೂಪಾಯಿ. ಮೈಲ್ಸ್‌ನಲ್ಲಿ ತೆಗೆದರೆ 35,000 ಮೈಲು ಮತ್ತು ಮೇಲಿಂದ 8,000 ರೂಪಾಯಿ ಶುಲ್ಕ. ಅಂದರೆ 35,000 ಮೈಲು ಖರ್ಚು ಮಾಡಿ ನೀವು ಉಳಿಸಿದ್ದು 14,000 ರೂಪಾಯಿ, ಮೈಲಿಗೆ 40 ಪೈಸೆ. ಅದೇ ಟಿಕೆಟ್ ಜುಲೈ ರಜೆಗೆ 50,000 ರೂಪಾಯಿ ಆಗಿದೆ, ಮೈಲ್ಸ್ ಮತ್ತು ಶುಲ್ಕ ಮೊದಲಿನಷ್ಟೇ ಇದೆ ಎಂದಾದರೆ ಉಳಿತಾಯ 42,000, ಮೈಲಿಗೆ 1 ರೂಪಾಯಿ 20 ಪೈಸೆ. ಖಾತೆಯಲ್ಲಿದ್ದ ಮೈಲು ಒಂದೇ, ಬೆಲೆ ಮೂರು ಪಟ್ಟು.

ಆದ್ದರಿಂದ ದರ ಕಡಿಮೆ ಇರುವಾಗ ನಗದು ಕೊಡಿ, ದರ ಏರಿದಾಗ ಮೈಲ್ಸ್ ತೆಗೆಯಿರಿ. ಹೆಚ್ಚಿನವರು ಇದರ ಉಲ್ಟಾ ಮಾಡುತ್ತಾರೆ. ಖಾಲಿ ಸೀಸನ್‌ನಲ್ಲಿ ಸೀಟು ಸುಲಭವಾಗಿ ಸಿಗುತ್ತದೆ ಅಂತ ಮೈಲ್ಸ್ ಮುಗಿಸಿ, ಪೆರ್ನಾಲ್ ಹೊತ್ತಿಗೆ ಸಾಲ ಮಾಡಿ ಟಿಕೆಟ್ ತೆಗೆಯುತ್ತಾರೆ. ವಿಮಾನ ಮೈಲ್ಸ್‌ಗೆ ನಾನು ಇಟ್ಟುಕೊಂಡ ಗೆರೆ ಇದು: ಮೈಲಿಗೆ 50 ಪೈಸೆಗಿಂತ ಕಡಿಮೆ ಬಂದರೆ ಮುಟ್ಟುವುದಿಲ್ಲ, ಒಂದು ರೂಪಾಯಿ ದಾಟಿದರೆ ಯೋಚಿಸುವುದಿಲ್ಲ. ಟ್ರಾಲಿ ಬ್ಯಾಗ್, ಇಯರ್‌ಫೋನ್, ಗಿಫ್ಟ್ ಕಾರ್ಡ್ ಅಂತ ಮೈಲ್ಸ್‌ಗೆ ಬದಲಾಗಿ ತೋರಿಸುತ್ತಾರಲ್ಲ, ಅಲ್ಲಿ ಈ ಭಾಗಾಕಾರ ಮಾಡಿ ನೋಡಿ, ನಗು ಬರುತ್ತದೆ.

ಸೀಸನ್‌ನಲ್ಲಿ ಮೈಲ್ಸ್ ಸೀಟು ಸಿಗುವುದು ಕಷ್ಟ ಎಂಬುದು ಸರಿಯಾದ ತಕರಾರು. ಕಡಿಮೆ ಮೈಲಿನ ಸೀಟುಗಳು ಪ್ರತಿ ವಿಮಾನದಲ್ಲಿ ಕೆಲವೇ ಇರುತ್ತವೆ. ಅವು ಮುಗಿದರೆ ಅದೇ ಸೀಟಿಗೆ ಹೆಚ್ಚು ಮೈಲು ಕೇಳುತ್ತಾರೆ. ಆದರೆ ದೊಡ್ಡ ಕಂಪೆನಿಗಳ ಟಿಕೆಟ್ ಸುಮಾರು ಹನ್ನೊಂದು ತಿಂಗಳ ಮೊದಲೇ ತೆರೆಯುತ್ತದೆ. ದುಬೈ, ಅಬುಧಾಬಿಯಲ್ಲಿ ಮಕ್ಕಳ ಶಾಲೆಗೆ ಜುಲೈ-ಆಗಸ್ಟ್ ರಜೆ ಎಂಬುದು ಹೊಸ ಸುದ್ದಿಯಲ್ಲ. ಈ ವರ್ಷ ರಜೆ ಮುಗಿಸಿ ಮರಳಿದ ಮೇಲೆ ಮುಂದಿನ ವರ್ಷದ ಸೀಟು ನೋಡಿಡಲು ಒಂದು ಸಂಜೆ ಸಾಕು. ಊರಿನಿಂದ ಗಲ್ಫ್‌ಗೆ ಮರಳುವ ಆಗಸ್ಟ್ ಕೊನೆಯ ಟಿಕೆಟ್ ಬರುವ ಟಿಕೆಟಿಗಿಂತ ದುಬಾರಿಯಾಗುವುದುಂಟು. ಎರಡೂ ಕಡೆಗೆ ಮೈಲ್ಸ್ ಸಾಲದಿದ್ದರೆ ಆ ಒಂದು ಬದಿಗೆ ಮಾತ್ರ ಹಾಕಿ.

ಒಬ್ಬರ ಖಾತೆ ಸಾಲದು

ವರ್ಷಕ್ಕೆ ಒಮ್ಮೆ ಅಗ್ಗದ ಇಕಾನಮಿ ಟಿಕೆಟಿನಲ್ಲಿ ಬಂದು ಹೋಗುವ ಒಬ್ಬ ನೌಕರನ ಖಾತೆ ತುಂಬುವುದು ಬಹಳ ನಿಧಾನ. ಟಿಕೆಟ್ ಎಷ್ಟು ಅಗ್ಗವೋ ಮೈಲು ಅಷ್ಟು ಕಡಿಮೆ. ಸ್ಕೈವಾರ್ಡ್ಸ್ ಮೈಲ್ಸ್‌ನ ಆಯಸ್ಸು ಮೂರು ವರ್ಷ. ಅದಾದ ಮೇಲೆ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಅಳಿಸಿ ಹೋಗುತ್ತದೆ. (ಶಾಲೆಯ ಮೇಷ್ಟ್ರು ಹಾಕಿಕೊಟ್ಟ ಜೂನ್ 1 ಪಾಸ್‌ಪೋರ್ಟಿನಲ್ಲಿ ಇರುವ ಹಿರಿಯರಿಗೆ ಅದೇ ಲೆಕ್ಕ.) ಒಂದು ಟಿಕೆಟಿಗಾಗುವಷ್ಟು ಸೇರುವ ಮೊದಲೇ ಹಳೆಯದು ಸೋರಿ ಹೋಗಿರುತ್ತದೆ. ‘ಇದರಿಂದ ಏನೂ ಸಿಗುವುದಿಲ್ಲ’ ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ.

ಇದಕ್ಕೆ ದಾರಿ ಕುಟುಂಬ ಖಾತೆ. ಎಮಿರೇಟ್ಸ್‌ನಲ್ಲಿ ‘ಮೈ ಫ್ಯಾಮಿಲಿ’ ಎಂಬ ಹೆಸರಿನಲ್ಲಿ ಎಂಟು ಮಂದಿಯವರೆಗೆ ತಮ್ಮ ಮೈಲ್ಸ್ ಪೂರ್ತಿಯಾಗಿ ಒಂದೇ ಕಡೆ ಹಾಕಬಹುದು. ಎತಿಹಾದ್ ಮತ್ತು ಕತಾರ್ ಏರ್‌ವೇಸ್‌ನಲ್ಲೂ ಇಂಥ ವ್ಯವಸ್ಥೆ ಉಂಟು. ಗಂಡ, ಹೆಂಡತಿ, ಮೂವರು ಮಕ್ಕಳು ಒಂದು ಸಲ ಊರಿಗೆ ಬಂದು ಹೋದರೆ ಒಬ್ಬನೇ ಐದು ವರ್ಷ ಹಾರಿದ ಹಾಗಾಯಿತು. ಮಕ್ಕಳಿಗೂ ಖಾತೆ ತೆರೆಯಬಹುದು. ಟಿಕೆಟಿಗೆ ದುಡ್ಡು ಕೊಟ್ಟವನಿಗಲ್ಲ, ಸೀಟಿನಲ್ಲಿ ಕೂತವನಿಗೆ ಮೈಲು ಎಂಬುದು ನಿಯಮ. ಆದ್ದರಿಂದ ಬಾಪನ ಖಾತೆ ಒಂದೇ ಇದ್ದರೆ ಉಳಿದ ನಾಲ್ವರ ಮೈಲು ಗಾಳಿಗೆ. ಇದೇ ನಿಯಮದಿಂದ ಇನ್ನೊಂದು ಒಳ್ಳೆಯದೂ ಉಂಟು. ವರ್ಷಕ್ಕೋ ಎರಡು ವರ್ಷಕ್ಕೋ ಕಂಪೆನಿಯವರು ಕೊಡುವ ರಜೆಯ ಟಿಕೆಟಿನ ಮೈಲು ಕೂಡ ಹಾರಿದವನದ್ದೇ.

ಹಾರದೆಯೂ ಮೈಲು ಸೇರುತ್ತದೆ. ಯುಎಇಯಲ್ಲಿ ‘ಸ್ಕೈವಾರ್ಡ್ಸ್ ಎವ್ರಿಡೇ’ ಆ್ಯಪ್‌ಗೆ ಕಾರ್ಡ್ ಜೋಡಿಸಿದರೆ ಕೆಲವು ಅಂಗಡಿ, ಹೋಟೆಲ್‌ಗಳ ಬಿಲ್ಲಿಗೂ ಮೈಲು ಬೀಳುತ್ತದೆ. ಸೌದಿಯಲ್ಲಿರುವವರಿಗೆ ಎಸ್‌ಟಿಸಿ ಫೋನಿನ ‘ಖಿತಾಫ್’ ಪಾಯಿಂಟ್, ಅಲ್ ರಾಜ್‌ಹಿ ಬ್ಯಾಂಕಿನ ‘ಮುಕಾಫಾ’ ಪಾಯಿಂಟ್‌ಗಳನ್ನು ಅಲ್ ಫುರ್ಸಾನ್ ಮೈಲ್ಸ್ ಮಾಡಿಕೊಳ್ಳುವ ದಾರಿ ಉಂಟು. ಹೇಗೂ ಮಾಡುವ ಖರ್ಚಿಗೆ ಸಿಗುವುದಾದರೆ ತೆಗೆದುಕೊಳ್ಳಿ. ಮೈಲಿಗಾಗಿ ಖರ್ಚು ಮಾಡಲು ಹೊರಟರೆ ಲಾಭ ಅಂಗಡಿಯವರಿಗೆ.

ಮಂಗಳೂರಿನವರಿಗೆ ಒಂದು ವಿಶೇಷ ತೊಂದರೆ ಇದೆ. ಎಮಿರೇಟ್ಸ್ ಬಜ್ಪೆಗೆ ಬರುವುದಿಲ್ಲ. ಬೆಂಗಳೂರಿಗೋ ಕೊಚ್ಚಿಗೋ ಹೋಗಬೇಕು. ನಮ್ಮ ಗಲ್ಫ್ ಪ್ರಯಾಣದ ಬಹುಪಾಲು ನಡೆಯುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ, ಸ್ವಲ್ಪ ಇಂಡಿಗೋದಲ್ಲಿ. ಏರ್ ಇಂಡಿಯಾ ‘ಸ್ಟಾರ್ ಅಲಯನ್ಸ್’ ಎಂಬ ವಿಮಾನ ಕಂಪೆನಿಗಳ ಕೂಟದಲ್ಲಿ 2014ರಿಂದ ಇದೆ, ಎಕ್ಸ್‌ಪ್ರೆಸ್ ಅದರಲ್ಲಿಲ್ಲ. ಎಕ್ಸ್‌ಪ್ರೆಸ್‌ಗೆ ಟಾಟಾದವರ ‘ನ್ಯೂ ಕಾಯಿನ್’ ಲೆಕ್ಕ. ಒಂದು ಕಾಯಿನ್‌ಗೆ ಒಂದು ರೂಪಾಯಿ, ಭಾಗಾಕಾರವೇ ಬೇಡ. ಆದರೆ ಕಂಪೆನಿಯ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲೇ ಲಾಗಿನ್ ಆಗಿ ತೆಗೆದರೆ ಮಾತ್ರ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಮೈಲ್ಸ್‌ಗಾಗಿ ಬೆಂಗಳೂರಿನ ದಾರಿ ಹಿಡಿಯಬೇಕೇ? ನನ್ನ ಉತ್ತರ, ಬೇಡ. ರಾತ್ರಿ ಬಸ್ಸಿನ ಚಾರ್ಜು, ಆರೇಳು ಪೆಟ್ಟಿಗೆ, ಶಿರಾಡಿ ಘಾಟಿಯ ಬ್ಲಾಕ್, ನಿದ್ದೆಗೆಟ್ಟ ಮಕ್ಕಳು. ಕೆಲವು ನೂರು ಮೈಲಿಗೆ ಇಷ್ಟೆಲ್ಲ ಯಾರಿಗೆ ಬೇಕು? ಬಜ್ಪೆಗೆ ನೇರ ವಿಮಾನ ಕೈಗೆಟುಕುವ ದರದಲ್ಲಿದ್ದರೆ ಅದರಲ್ಲೇ ಬನ್ನಿ. ನೇರ ವಿಮಾನದ ದರ ಹುಚ್ಚೆದ್ದಾಗ, ಐದು ಮಂದಿಯ ಟಿಕೆಟ್ ಸೇರಿಸಿ ನೋಡಿದರೆ ಮಾತ್ರ ಬೆಂಗಳೂರಿಗೆ ಮೈಲ್ಸ್ ಟಿಕೆಟ್ ತೆಗೆಯುವುದು ಲೆಕ್ಕಕ್ಕೆ ಸರಿಹೊಂದೀತು.

ಹರಮ್‌ಗೆ ಹತ್ತಿರದ ಕೋಣೆ

ಹೋಟೆಲ್ ಪಾಯಿಂಟ್ ಅಂದರೆ ನಮ್ಮವರಿಗೆ ಇನ್ನೂ ದೂರದ ಮಾತು. ಮದುವೆಗೆ ಹೋದರೆ ನೆಂಟರ ಮನೆ, ಆಸ್ಪತ್ರೆಗೆ ಹೋದರೆ ಲಾಡ್ಜ್. ಆದರೆ ಕೆಲಸದ ಮೇಲೆ ರಿಯಾದ್, ದೋಹಾ, ಮುಂಬೈ ಅಂತ ಓಡಾಡುವ ನಮ್ಮ ಇಂಜಿನಿಯರ್‌ಗಳು, ಸೇಲ್ಸ್‌ನವರು ಈಗ ತುಂಬ ಇದ್ದಾರೆ. ಕಂಪೆನಿ ಬಿಲ್ ಕಟ್ಟಿದರೂ ಪಾಯಿಂಟ್ ತಂಗಿದವರ ಖಾತೆಗೆ ಬೀಳುವುದು ಇಲ್ಲೂ ರೂಢಿ. ನಿಮ್ಮ ಕಂಪೆನಿ ಅದಕ್ಕೆ ಒಪ್ಪುತ್ತದೋ ಎಂದು ಒಮ್ಮೆ ಕೇಳಿಕೊಂಡರೆ ಮನಸ್ಸಿಗೂ ಸಮಾಧಾನ. ಈ ಪಾಯಿಂಟ್‌ಗಳನ್ನು ಕೂಡಿಟ್ಟು ಖರ್ಚು ಮಾಡಲು ಮಕ್ಕಾ-ಮದೀನಾದಷ್ಟು ಒಳ್ಳೆಯ ಜಾಗ ನಮಗೆ ಬೇರೆ ಇಲ್ಲ. ದೊಡ್ಡ ಹೋಟೆಲ್ ಗುಂಪುಗಳೆಲ್ಲ ಅಲ್ಲಿ ಹರಮ್‌ನ ಬಾಗಿಲಲ್ಲೇ ಕೂತಿವೆ. ಮಕ್ಕಾದ ಗಡಿಯಾರ ಗೋಪುರದ ಕಟ್ಟಡಗಳಲ್ಲಿ ಫೇರ್‌ಮಾಂಟ್, ಸ್ವಿಸೋಟೆಲ್, ಪುಲ್‌ಮನ್ ಝಮ್‌ಝಮ್. ಇವು ಮೂರೂ ‘ಅಕಾರ್’ ಗುಂಪಿನವು. ಜಬಲ್ ಉಮರ್ ಭಾಗದಲ್ಲಿ ಹಿಲ್ಟನ್, ಮ್ಯಾರಿಯಟ್, ಹಯಾತ್. ಮದೀನಾದಲ್ಲಿ ಹಿಲ್ಟನ್, ಪುಲ್‌ಮನ್, ಕ್ರೌನ್ ಪ್ಲಾಝಾ.

ಇವುಗಳ ಪೈಕಿ ಅರ್ಥ ಮಾಡಿಕೊಳ್ಳಲು ಸುಲಭ ಅಕಾರ್. 2,000 ಪಾಯಿಂಟ್ ಅಂದರೆ ಬಿಲ್ಲಿನಲ್ಲಿ 40 ಯೂರೋ ಕಡಿತ, ನಮ್ಮ ನಾಲ್ಕು ಸಾವಿರ ರೂಪಾಯಿಯ ಆಸುಪಾಸು. ಸೀಸನ್ ಇರಲಿ ಇಲ್ಲದಿರಲಿ ಅದೇ ಬೆಲೆ. ಅವರ ದೊಡ್ಡ ಹೋಟೆಲ್‌ಗಳಲ್ಲಿ ಹೆಚ್ಚಿನ ಕಡೆ 10 ಯೂರೋ ಖರ್ಚಿಗೆ 25 ಪಾಯಿಂಟ್ ಕೊಡುತ್ತಾರೆ, ಅಂದರೆ ನೂರಕ್ಕೆ ಐದು ವಾಪಸ್. ಜಾಣತನಕ್ಕೆ ಇಲ್ಲಿ ಜಾಗ ಇಲ್ಲ, ಮೋಸ ಹೋಗಲೂ ಇಲ್ಲ.

ಹಿಲ್ಟನ್, ಮ್ಯಾರಿಯಟ್ ಹಾಗಲ್ಲ. ಕೋಣೆಯ ದರದ ಜತೆ ಪಾಯಿಂಟ್ ದರವೂ ಏರಿಳಿಯುತ್ತದೆ. ಇಲ್ಲಿ ಮತ್ತೆ ಭಾಗಾಕಾರ ಮಾಡಬೇಕು. ಮಾಡುವಾಗ ಒಂದು ನೆನಪಿಡಿ, ಸೌದಿಯಲ್ಲಿ 2020ರ ಜುಲೈಯಿಂದ ವ್ಯಾಟ್ 15 ಶೇಕಡಾ. ನಗದು ದರಕ್ಕೆ ಅದು ಸೇರುತ್ತದೆ, ಪಾಯಿಂಟ್ ಕೊಟ್ಟು ಪಡೆದ ಕೋಣೆಗೆ ಸಾಮಾನ್ಯವಾಗಿ ಸೇರುವುದಿಲ್ಲ. ಆದ್ದರಿಂದ ಹೋಲಿಸಬೇಕಾದ್ದು ತೆರಿಗೆ ಸೇರಿದ ಬೆಲೆಯ ಜತೆಗೆ. ಮ್ಯಾರಿಯಟ್‌ನಲ್ಲಿ ಐದು ರಾತ್ರಿ ಪಾಯಿಂಟ್‌ನಲ್ಲಿ ತೆಗೆದರೆ ನಾಲ್ಕರ ಪಾಯಿಂಟ್ ಮಾತ್ರ ಕಡಿತವಾಗುತ್ತದೆ. ಹಿಲ್ಟನ್‌ನಲ್ಲೂ ಇದು ಇದೆ, ಆದರೆ ಸಿಲ್ವರ್ ದರ್ಜೆಗೆ ಏರಿದವರಿಗೆ. ನಾಲ್ಕು ರಾತ್ರಿಗೆ ಹೊರಟವರು ಐದನೆಯದನ್ನು ಸೇರಿಸಿ ಕೇಳಿ ನೋಡಿ. ಮ್ಯಾರಿಯಟ್ ಪಾಯಿಂಟನ್ನು ವಿಮಾನದ ಮೈಲ್ಸ್ ಮಾಡಬಹುದು, ಆದರೆ ಮೂರು ಪಾಯಿಂಟಿಗೆ ಒಂದು ಮೈಲು. ಟಿಕೆಟಿಗೆ ಸ್ವಲ್ಪವೇ ಸಾಲದೆ ಬಂದಾಗ ಹೊರತು ಆ ಕಡೆ ಹೋಗಬೇಡಿ.

ರಮಝಾನ್‌ನ ಕೊನೆಯ ಹತ್ತಕ್ಕೆ ಪಾಯಿಂಟ್‌ನಲ್ಲಿ ಹರಮ್‌ನೆದುರು ಕೋಣೆ ಸಿಕ್ಕೀತು ಎಂಬ ಆಸೆ ಬೇಡ. ಆ ದಿನಗಳಲ್ಲಿ ಕೇಳುವ ಪಾಯಿಂಟ್ ಕೂಡ ನಗದಿನ ಹಾಗೇ ಏರಿರುತ್ತದೆ. ಹಜ್ಜ್ ಮುಗಿದ ಮೇಲಿನ ಸಾಧಾರಣ ವಾರಗಳೇ ಲೇಸು. ಎಪ್ಪತ್ತು ದಾಟಿದ, ಮೊಣಕಾಲು ನೋವಿನ ಉಮ್ಮನಿಗೆ ಬೇಕಾದ್ದು ಐಷಾರಾಮವಲ್ಲ. ಐದು ವಕ್ತ್‌ಗೂ ಬಸ್ಸಿಗೆ ಕಾಯದೆ ಲಿಫ್ಟಿನಲ್ಲಿ ಇಳಿದು ನಮಾಝಿಗೆ ಹೋಗುವ ಸೌಕರ್ಯ. ಅದಕ್ಕೆ ಪೈಸೆ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಆದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಎರಡು ಎಚ್ಚರಿಕೆ. ಊರಿನಿಂದ ಉಮ್ರಾ ವೀಸಾದಲ್ಲಿ ಹೋಗುವವರಿಗೆ ವೀಸಾದ ಜತೆ ವಸತಿಯ ದಾಖಲೆಯೂ ಬೇಕಾಗುವುದರಿಂದ ಪಾಯಿಂಟ್‌ನಲ್ಲಿ ಕೋಣೆ ತೆಗೆಯುವ ಮೊದಲು ಏಜೆಂಟರಲ್ಲಿ ಕೇಳಿ. ಗಲ್ಫ್‌ನಲ್ಲಿರುವ ಮಗ ಅಲ್ಲಿಂದ ಕರೆದೊಯ್ಯುವುದಾದರೆ ಈ ಕಿರಿಕಿರಿ ಕಡಿಮೆ. ಎರಡನೆಯದು, ಗ್ರೂಪ್ ಪ್ಯಾಕೇಜ್‌ನಲ್ಲಿ ಹೋದವರಿಗೆ ಹೋಟೆಲ್ ಪಾಯಿಂಟ್ ಸಿಗುವುದಿಲ್ಲ, ಗ್ರೂಪ್ ಟಿಕೆಟಿಗೆ ಮೈಲು ಸಿಗುವುದೂ ಅಪರೂಪ. ಬುಕಿಂಗ್ ಆ್ಯಪ್‌ಗಳ ಮೂಲಕ ಕೋಣೆ ತೆಗೆದರೂ ಹಾಗೆಯೇ. ಹೋಟೆಲ್‌ನವರ ಸ್ವಂತ ವೆಬ್‌ಸೈಟಿನಲ್ಲಿ ತೆಗೆದರೆ ಮಾತ್ರ ಪಾಯಿಂಟ್.

ಸೋರಿಹೋಗುವ ದಾರಿಗಳು

ನಮ್ಮವರ ಮೈಲ್ಸ್ ಹೋಗುವುದು ಹೆಚ್ಚಾಗಿ ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಮುಹಮ್ಮದ್ ಒಂದು ಸ್ಪೆಲ್ಲಿಂಗ್, ಖಾತೆಯಲ್ಲಿ ಮೊಹಮ್ಮದ್ ಇನ್ನೊಂದು. ಒಬ್ಬರದ್ದು ಹೆಸರು ಮಾತ್ರ, ಸರ್‌ನೇಮ್ ಜಾಗ ಖಾಲಿ. ಟಿಕೆಟಿನಲ್ಲಿ ಏಜೆಂಟರು ಅದೇ ಹೆಸರನ್ನು ಎರಡು ಸಲ ಹಾಕಿರುತ್ತಾರೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು, ಮೈಲು ಬೀಳುವುದಿಲ್ಲ. ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ 2022ರ ನವೆಂಬರ್‌ನಲ್ಲಿ ಯುಎಇ ವಿಸಿಟ್ ವೀಸಾದವರನ್ನು ತಡೆಯಲು ಶುರು ಮಾಡಿದಾಗ ಎಷ್ಟು ಮನೆಗಳಲ್ಲಿ ಗಡಿಬಿಡಿಯಾಯಿತು ಎಂದು ನೆನಪಿರಬಹುದು. ಖಾತೆ ತೆರೆಯುವಾಗ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಬರೆಯಿರಿ. ಟ್ರಾವೆಲ್ಸ್‌ನಲ್ಲಿ ಟಿಕೆಟ್ ಮಾಡಿಸುವಾಗ ಸದಸ್ಯತ್ವದ ನಂಬರ್ ಕೊಡಿ. ಕೇಳದೆ ಅವರು ಹಾಕುವುದಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಗಲ್ಫ್ ಬಿಟ್ಟು ಖಾಯಂ ಊರಿಗೆ ಬರುವಾಗ ಬ್ಯಾಂಕ್ ಖಾತೆ ಮುಚ್ಚುತ್ತಾರೆ, ಕಾರು ಮಾರುತ್ತಾರೆ, ಸಿಮ್ ರದ್ದು ಮಾಡುತ್ತಾರೆ. ಮೈಲ್ಸ್ ಖಾತೆಗೆ ಒಟಿಪಿ ಬರುವುದು ಆ ಸಿಮ್‌ಗೆ. ಇಮೇಲ್ ಕಂಪೆನಿಯದ್ದಾಗಿದ್ದರೆ ಅದೂ ಹೋಯಿತು. ಊರಿಗೆ ಬಂದು ಆರು ತಿಂಗಳ ಮೇಲೆ ನೆನಪಾದರೆ ಬೀಗದ ಕೈ ಬೇರೆಯವರ ಹತ್ತಿರ ಇದ್ದ ಹಾಗೆ. ಸಿಮ್ ರದ್ದಾಗುವ ಮೊದಲು ಎಲ್ಲ ಖಾತೆಗಳಲ್ಲಿ ಊರಿನ ನಂಬರ್, ಸ್ವಂತ ಇಮೇಲ್ ಹಾಕಿ. ಅದಕ್ಕಿಂತ ಒಳ್ಳೆಯದು, ಕೊನೆಯ ಪ್ರಯಾಣದ ಟಿಕೆಟಿಗೇ ಮೈಲ್ಸ್ ಖರ್ಚು ಮಾಡುವುದು. ಆಮೇಲೆ ಹಾರುವುದು ಕಡಿಮೆ, ಹೊಸ ಮೈಲು ಸೇರುವುದಿಲ್ಲ. ಕತಾರ್‌ನ ಪಾಯಿಂಟ್ 36 ತಿಂಗಳು, ಮ್ಯಾರಿಯಟ್‌ನದ್ದು 24 ತಿಂಗಳು, ಅಕಾರ್‌ನದ್ದು ಒಂದು ವರ್ಷ ಏನೂ ಅಲುಗಾಡದಿದ್ದರೆ ಅಳಿದು ಹೋಗುತ್ತದೆ. ಖಾತೆದಾರ ತೀರಿಕೊಂಡರೆ ಬ್ಯಾಂಕಿನ ಹಣದ ಹಾಗೆ ಇದು ವಾರಸುದಾರರಿಗೆ ತಾನಾಗಿ ಬರುವುದಿಲ್ಲ. ಮೈಲ್ಸ್ ಸದಸ್ಯನ ಆಸ್ತಿ ಅಲ್ಲ ಎಂದೇ ಹೆಚ್ಚಿನ ಕಂಪೆನಿಗಳ ನಿಯಮ. ಕುಟುಂಬ ಖಾತೆಯಲ್ಲಿ ಸೇರಿಸಿಡಲು ಇದೂ ಒಂದು ಕಾರಣ.

ಕೂಡಿಟ್ಟಷ್ಟು ಒಳ್ಳೆಯದು ಎಂದು ಚಿನ್ನದ ಹಾಗೆ ಇದನ್ನು ಇಡಬೇಡಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಸದಸ್ಯರ ಖಾತೆಯಲ್ಲಿ ಅಂಕಿ ಹಾಗೇ ಇತ್ತು, ಹತ್ತಲು ಜೆಟ್ ವಿಮಾನ ಇರಲಿಲ್ಲ. ಕಂಪೆನಿ ನಿಲ್ಲದಿದ್ದರೂ ನಿನ್ನೆ 30,000 ಮೈಲಿಗೆ ಸಿಗುತ್ತಿದ್ದ ಸೀಟಿಗೆ ನಾಳೆ 40,000 ಕೇಳುವ ಹಕ್ಕು ಅವರಿಗೆ ಇದ್ದೇ ಇದೆ.

ಕ್ರೆಡಿಟ್ ಕಾರ್ಡಿನ ವಿಷಯ. ಊರಲ್ಲೂ ಗಲ್ಫ್‌ನಲ್ಲೂ ಕಾರ್ಡ್ ಮಾರುವವರು ಮೈಲ್ಸ್ ಆಸೆ ತೋರಿಸಿಯೇ ಬರುತ್ತಾರೆ. ಖರ್ಚಿನ ನೂರಕ್ಕೆ ಒಂದೋ ಎರಡೋ ರೂಪಾಯಿಯಷ್ಟು ಪಾಯಿಂಟ್ ಸಿಗುತ್ತದೆ. ಬಿಲ್ ಪೂರ್ತಿ ಕಟ್ಟದೆ ಬಾಕಿ ಉಳಿಸಿದರೆ ನಮ್ಮಲ್ಲಿ ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ ಹಾಕುವ ಕಾರ್ಡ್‌ಗಳಿವೆ, ವರ್ಷಕ್ಕೆ 42 ಆಯಿತು. ದೀನಿನ ದೃಷ್ಟಿಯಿಂದ ಬಡ್ಡಿಯ ಮಾತು ಎಲ್ಲರಿಗೂ ಗೊತ್ತಿರುವುದೇ. ಲೆಕ್ಕದ ದೃಷ್ಟಿಯಿಂದಲೂ ಒಂದು ತಿಂಗಳ ಬಾಕಿ ಹಲವು ತಿಂಗಳ ಪಾಯಿಂಟನ್ನು ನುಂಗಿಬಿಡುತ್ತದೆ. ಬಿಲ್ ತಪ್ಪದೆ ಪೂರ್ತಿ ಕಟ್ಟುವವರು ಕಾರ್ಡಿನ ಪಾಯಿಂಟ್ ಬಳಸಬಹುದೇ, ಅದು ಅಂಗಡಿಯವರ ಕೊಡುಗೆಯಂತೆಯೇ, ಒಪ್ಪಂದದಲ್ಲಿರುವ ಬಡ್ಡಿಯ ಷರತ್ತು ಅಡ್ಡ ಬರುತ್ತದೆಯೇ ಎಂಬುದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ಹಾರಿದ್ದಕ್ಕೆ, ತಂಗಿದ್ದಕ್ಕೆ ಸಿಗುವುದು ಬೇರೆ ವಿಷಯ, ಎರಡನ್ನೂ ಕಲಸಿ ಕೇಳಬೇಡಿ.

‘ನಿಮ್ಮ ರಿವಾರ್ಡ್ ಪಾಯಿಂಟ್ ಇಂದು ಮುಗಿಯುತ್ತದೆ, ಈ ಆ್ಯಪ್ ಹಾಕಿಕೊಳ್ಳಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ, ಜತೆಗೆ ಒಂದು ಎಪಿಕೆ ಫೈಲ್ ಬಂದರೆ ಅದು ಮೋಸ. ಅದನ್ನು ಒತ್ತಿದರೆ ಫೋನ್ ಅವರ ಕೈಗೆ ಹೋಗಿ ಬ್ಯಾಂಕ್ ಖಾತೆ ಖಾಲಿಯಾಗಬಹುದು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಮೊದಲು ಹೇಳಿಕೊಡಿ. ಪಾಯಿಂಟ್ ನೋಡುವುದಿದ್ದರೆ ಕಂಪೆನಿಯ ಸ್ವಂತ ಆ್ಯಪ್ ತೆರೆದೇ ನೋಡಬೇಕು.

ಈಗ ರಜೆಯಲ್ಲಿ ಊರಿಗೆ ಬಂದವರಿದ್ದರೆ ಬೋರ್ಡಿಂಗ್ ಪಾಸ್ ಬಿಸಾಡಿದ್ದೀರೋ ಎಂದು ನೋಡಿ. ಬೀಳದ ಮೈಲನ್ನು ಕೇಳಿ ಪಡೆಯಲು ಎಮಿರೇಟ್ಸ್‌ನಲ್ಲಿ ಹಾರಿದ ದಿನದಿಂದ ಆರು ತಿಂಗಳು ಅವಕಾಶ ಉಂಟು. ಬೇರೆ ಕಂಪೆನಿಗಳಲ್ಲೂ ಇಂಥ ಗಡುವು ಇರುತ್ತದೆ. ಟಿಕೆಟ್ ನಂಬರ್ ಮತ್ತು ಬೋರ್ಡಿಂಗ್ ಪಾಸ್‌ನ ಫೋಟೊ ಇದ್ದರೆ ಸಾಕು, ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಪಾಸ್ ಸಿಗದಿದ್ದರೆ ಬ್ಯಾಗಿನ ಹೊರ ಜೇಬಿನಲ್ಲಿ ಒಮ್ಮೆ ಕೈ ಹಾಕಿ, ಹೆಚ್ಚಾಗಿ ಅಲ್ಲೇ ಇರುತ್ತದೆ.